ಮರೇನವ್ವನ ಹಸಿರು ಬಾಗಿಲು

ಬಾದಾಮಿ,
ಇಸವಿ ಎರಡು ಸಾವಿರದ ಇನ್ನೂರ ಹನ್ನೊಂದು, ಫಾಲ್ಗುಣ ಶುದ್ಧ ಪಂಚಮಿ, ಮುಚ್ಚುಹೊತ್ತು.

ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿ ಬಾಳಿದ ಹಿರಿಯರಿಗೆ, ಕಲ್ಲವ್ವನ ಮಗಳು ಹಂಪವ್ವ ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಡೆಯಿಂದ ಎಣಿಸಿದರೆ ನಾನು ಹುಟ್ಟುವುದಕ್ಕೆ ಇನ್ನೂ ನೂರಮೂವತ್ತು ವರ್ಷವಿದೆ. ನನ್ನ ಕಡೆಯಿಂದ ಎಣಿಸಿದರೆ ನೀವೆಲ್ಲ ಮಣ್ಣಾಗಿ ಬಹಳ ಕಾಲವಾಯಿತು. ಈ ಕಾಗದ ನಿಮ್ಮ ಕೈಗೆ ಮುಟ್ಟುವ ಮಾತೇ ಇಲ್ಲ ಎಂಬುದು ನನಗೂ ಗೊತ್ತು. ಆದರೂ ಬರೆಯಬೇಕು, ಅದು ನಮ್ಮ ಊರಿನ ಸಾಕ್ಷಿಮನೆಯ ಪದ್ಧತಿ. ಇದರಲ್ಲಿ ಬರುವ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ, ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನಗಿಂತ ಮೊದಲಿನವರು ನಿಮಗೆ ಬರೆದ ಕಾಗದಗಳನ್ನು ಅಲ್ಲಿಯ ಪೆಟ್ಟಿಗೆಯಿಂದ ತೆಗೆದು ಓದಿದ್ದೇನೆ. ಎಲ್ಲರೂ ಪೂಜ್ಯರೇ, ಮಹನೀಯರೇ ಎಂದು ಕೈಮುಗಿದಿದ್ದಾರೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಿಮ್ಮ ಕಾಲದಲ್ಲಿ ಮಾರಣಹೋಮಗಳನ್ನು ಕಣ್ಣಾರೆ ಕಂಡು ಬದುಕುಳಿದವರು ಎಷ್ಟು ಮಂದಿ ಇದ್ದರು ಎಂಬುದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಮುಂಗೈ ಮೇಲೆ ಅಂಕಿಗಳ ಹಚ್ಚೆ ಹೊತ್ತು ಸಾವಿನ ಶಿಬಿರಗಳಿಂದ ಹೊರಬಂದವರು ನಿಮ್ಮ ಜಗತ್ತಿನಲ್ಲಿ ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ಕೂತು ಮಾತಾಡುತ್ತಿದ್ದರಂತೆ. ದೇಶ ಎರಡಾದಾಗ ಹೆಣ ತುಂಬಿದ ರೈಲುಗಳಲ್ಲಿ ಜೀವ ಹಿಡಿದು ಬಂದವರು ಯಾವುದೋ ಊರಿನ ಬಟ್ಟೆ ಅಂಗಡಿಯಲ್ಲಿ ಕೂತು ನಿಮಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರಂತೆ. ನೆರೆಹೊರೆಯವರೇ ಮಚ್ಚು ಹಿಡಿದು ಬಂದ ನೂರು ದಿನಗಳನ್ನು ಜೌಗಿನಲ್ಲಿ ಅಡಗಿ ಕಳೆದವರು ನಿಮ್ಮ ವಯಸ್ಸಿನವರೇ ಆಗಿದ್ದರು. ಅವರಲ್ಲೊಬ್ಬರು ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತಿರಬಹುದು, ನೀವು ಕಿಟಕಿಯ ಸೀಟು ಸಿಗಲಿಲ್ಲವೆಂದು ಮುಖ ಗಂಟಿಕ್ಕಿಕೊಂಡು ಊರು ಬರುವ ತನಕ ಮಾತಾಡದೆ ಇದ್ದಿರಬಹುದು. ನನಗೆ ಸಿಕ್ಕವಳು ಒಬ್ಬಳೇ. ಅದೂ ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಅವಳ ತೊಂಬತ್ತೆರಡರಲ್ಲಿ.

ನೀವು ಅವರ ಮಾತನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದಿಟ್ಟಿರಿ, ಇಲ್ಲವೆನ್ನುವುದಿಲ್ಲ. ಸಾವಿರಾರು ತಾಸಿನಷ್ಟು ಹಿಡಿದಿಟ್ಟಿದ್ದೀರಿ, ಅದು ಉಳಿದಿದೆ ಕೂಡ. ಆದರೆ ನಿಮ್ಮ ಕಾಲದಲ್ಲೇ ಯಂತ್ರಗಳು ಯಾರ ಮುಖದಿಂದ ಬೇಕಾದರೂ ಏನು ಬೇಕಾದರೂ ಹೇಳಿಸುವುದನ್ನು ಕಲಿತವು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ನಿಜದ ಅಜ್ಜಿ ಯಾರು, ಯಂತ್ರ ಮಾಡಿದ ಅಜ್ಜಿ ಯಾರು ಎಂದು ಹೇಳುವವರೇ ಇಲ್ಲದಾಯಿತು. ಇವತ್ತು ಆ ಚಿತ್ರಗಳನ್ನು ನಮ್ಮ ಓಣಿಯ ಮಕ್ಕಳಿಗೆ ತೋರಿಸಿದರೆ ಅವು ಪೂರ್ತಿ ನೋಡಿ, "ಚೊಲೋ ಮಾಡ್ಯಾರ" ಎಂದು ಎದ್ದುಹೋಗುತ್ತವೆ. ಹಾಗಾಗಿ ನಮ್ಮಲ್ಲಿ ಚಿತ್ರಕ್ಕೆ, ಮುದ್ರಿಸಿದ ದನಿಗೆ ಬೆಲೆಯಿಲ್ಲ. ಕಣ್ಣಾರೆ ಕಂಡವರು ಎದುರಿಗೆ ಕೂತು ಹೇಳಬೇಕು, ಒಬ್ಬರು ಕೂತು ಕೇಳಬೇಕು. ಹಾಗೆ ಕೇಳಿದವರನ್ನು ನಾವು 'ಕಿವಿ' ಎನ್ನುತ್ತೇವೆ. ಒಬ್ಬರ ಸಾಕ್ಷಿಗೆ ಒಂದೇ ಕಿವಿ. ಆ ಕಿವಿ ಸಾಯುವ ಮುಂಚೆ ಇನ್ನೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಕು. ಕಿವಿಯಾದವರು ಕೇಳುವಾಗ ಬರೆದುಕೊಳ್ಳಬಾರದು, ಪ್ರಶ್ನೆ ಕೇಳಬಾರದು, ತಮ್ಮದೊಂದು ಮಾತೂ ಸೇರಿಸಬಾರದು. ವರ್ಷಕ್ಕೊಮ್ಮೆ ಫಾಲ್ಗುಣದ ಪಾಡ್ಯದಂದು ಊರವರ ಮುಂದೆ ನಿಂತು ಕೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಹೇಳಿದ ಮೂಲದವರು ಬದುಕಿದ್ದರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ತಪ್ಪಿದಲ್ಲಿ ಕೈ ಎತ್ತಿ ತಿದ್ದುತ್ತಾರೆ. ಅದಕ್ಕೆ ತಿದ್ದುದಿನ ಎಂದು ಹೆಸರು. ಮೊದಲ ತಿದ್ದುದಿನ ಮುಗಿಸಿದ ಹೊಸ ಕಿವಿ ಎಂಟು ದಿನದೊಳಗೆ ನಿಮಗೊಂದು ಕಾಗದ ಬರೆದು ಪೆಟ್ಟಿಗೆಗೆ ಹಾಕಬೇಕು. ನನ್ನ ತಿದ್ದುದಿನ ಮುಗಿದು ನಾಲ್ಕು ದಿನವಾಯಿತು.

ಮುಚ್ಚುಹೊತ್ತು ಎಂದರೇನೆಂದು ಹೇಳಬೇಕು, ನನ್ನ ಸಂಕಟವೆಲ್ಲ ಶುರುವಾದದ್ದು ಅಲ್ಲಿಂದಲೇ. ನಮ್ಮಲ್ಲಿ ಬಿಸಿಲು ನಿಮ್ಮ ಕಾಲದ ಬಿಸಿಲಲ್ಲ. ಬೆಳಿಗ್ಗೆ ಹತ್ತೂವರೆಗೆ ಗಂಟೆ ಹೊಡೆಯುತ್ತಾರೆ, ಆಮೇಲೆ ಸಂಜೆ ಐದರ ತನಕ ಬೀದಿಯಲ್ಲಿ ಯಾರೂ ಕಾಲಿಡುವಂತಿಲ್ಲ, ಅದೇ ಮುಚ್ಚುಹೊತ್ತು. ಸಂತೆ, ಶಾಲೆ, ಹೊಲದ ಕೆಲಸ ಎಲ್ಲ ಗಂಟೆಗೆ ಮೊದಲೇ ಮುಗಿಯಬೇಕು. ಬೀದಿಯ ಈ ಬದಿಯಿಂದ ಆ ಬದಿಗೆ ದಪ್ಪನೆಯ ನೆರಳುಬಟ್ಟೆ ಕಟ್ಟಿರುತ್ತಾರೆ, ಹರಿದ ನೆರಳುಬಟ್ಟೆ ಹೊಲಿಯುವುದೇ ನನ್ನ ಉದ್ಯೋಗ. ಗಂಟೆ ಹೊಡೆದಾಗ ಯಾರು ಯಾವ ಮನೆಯಲ್ಲಿ ಇರುತ್ತಾರೋ ಅಲ್ಲೇ ಸಂಜೆಯ ತನಕ ಉಳಿಯಬೇಕು. ಹೀಗಾಗಿ ಮುಚ್ಚುಹೊತ್ತನ್ನು ಯಾರ ಜೊತೆ ಕಳೆಯುತ್ತಾರೆ ಎಂಬುದರ ಮೇಲೆ ಯಾರಿಗೆ ಯಾರು ಬೇಕು ಎಂಬುದು ಇಡೀ ಊರಿಗೆ ಗೊತ್ತಾಗುತ್ತದೆ. ನಮ್ಮವ್ವ ಕಲ್ಲವ್ವ ರೊಟ್ಟಿ ಬಡಿದು, ನನ್ನ ಪಾಲಿನದನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ಗಂಟೆ ಹೊಡೆಯಲು ಹತ್ತು ನಿಮಿಷವಿದೆ ಎನ್ನುವಾಗ ಎರಡು ಓಣಿ ದಾಟಿ ಮರೇನವ್ವನ ಮನೆಗೆ ಹೋಗಿಬಿಡುತ್ತಿದ್ದಳು. ವಾರಕ್ಕೆ ಐದು ದಿನ. ಅಪ್ಪ ಇರುತ್ತಿದ್ದುದು ಬಂದರಿನ ಕೆಲಸದಲ್ಲಿ, ಕಾರವಾರದಲ್ಲಿ. ನಾನು ಸಂಜೆಯ ತನಕ ಒಬ್ಬಳೇ.

ಮರೇನವ್ವ ನಮ್ಮವಳಲ್ಲ. ಅವಳ ಹೆಸರು ಮರೇನಾ, ಊರವರು ಅದಕ್ಕೆ ನಮ್ಮ ಬಾಲ ಸೇರಿಸಿ ಮರೇನವ್ವ ಮಾಡಿದರು. ತಿಲೋರಾ ಎಂಬ ದ್ವೀಪದವಳು. ನಿಮ್ಮ ಭೂಪಟದಲ್ಲಿ ಹುಡುಕಬೇಡಿ, ಆ ಹೆಸರು ಬಂದದ್ದು ನಿಮ್ಮ ನಂತರ. ಎರಡು ಸಾವಿರದ ನೂರ ಮೂವತ್ತರಲ್ಲಿ ಬಂದರುಗಳಿಗಾಗಿ ನಡೆದ ಯುದ್ಧದಲ್ಲಿ ಅಲ್ಲಿಯ ಮೂಲದ ಜನವನ್ನೆಲ್ಲ ಮುಗಿಸಿಬಿಡಬೇಕೆಂದು ಸೈನ್ಯಕ್ಕೆ ಆಜ್ಞೆಯಾಯಿತು. ಯಾರು ಮೂಲದವರು ಎಂದು ಗುರುತಿಸುವುದಕ್ಕೆ ಕಷ್ಟವೇ ಇರಲಿಲ್ಲ. ಆ ಜನ ಮನೆಯ ಬಾಗಿಲಿಗೆ ನೀಲಿ ಬಣ್ಣ ಬಳಿಯುತ್ತಿದ್ದರು, ದುಡಿಮೆಗೆಂದು ಹೊರಗಿನಿಂದ ಬಂದು ನೆಲೆಸಿದವರು ಹಸಿರು ಬಳಿಯುತ್ತಿದ್ದರು. ಮೂರು ದಿನದಲ್ಲಿ ನಲವತ್ತು ಸಾವಿರ ಜನ ಸತ್ತರು. ದೋಣಿ ಹತ್ತಿ ತಪ್ಪಿಸಿಕೊಂಡ ಇನ್ನೂರ ಹನ್ನೆರಡು ಮಂದಿಯನ್ನು ಕಾರವಾರದಲ್ಲಿ ಇಳಿಸಿ, ಕಡಲು ಕಂಡರೆ ಹೆದರುತ್ತಾರೆಂದು ಒಳನಾಡಿಗೆ, ನಮ್ಮ ಊರಿಗೆ ಕಳಿಸಿದರು. ಆಗ ಮರೇನವ್ವನಿಗೆ ಹನ್ನೊಂದು ವರ್ಷ. ಈಗ ಅವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಎಂಬತ್ತು ವರ್ಷ ಇಲ್ಲಿಯ ರೊಟ್ಟಿ ತಿಂದರೂ ನಮ್ಮ ಕೆರೆಯ ಮೀನು ಸಪ್ಪೆ ಎಂದು ಮೂಗು ಮುರಿಯುವುದನ್ನು ಬಿಟ್ಟಿಲ್ಲ.

ಅವಳ ಸಾಕ್ಷಿ ಎರಡು ತಾಸಿನದು, ಅದರ ಕಿವಿ ನಮ್ಮವ್ವ. ಅದರ ನಡುವಿನ ಭಾಗ ಹೀಗಿತ್ತು: ಅವತ್ತು ಬೆಳಿಗ್ಗೆ ಅವಳು ಚಿಪ್ಪು ಆರಿಸಲು ದಂಡೆಗೆ ಹೋಗಿದ್ದಳು. ಮನೆಯೊಳಗೆ, ನೀಲಿ ಬಾಗಿಲಿನ ಹಿಂದೆ, ಅವಳ ತಾಯಿ ಇದ್ದಳು. ತಾಯಿಯ ಮಡಿಲಲ್ಲಿ ನಾಲ್ಕು ವರ್ಷದ ತಂಗಿ ನಿಲೋ ಮಲಗಿದ್ದಳು. ಸೈನಿಕರ ಗಾಡಿಗಳು ಬಂದದ್ದನ್ನು ಮರೇನವ್ವ ದೂರದಿಂದ ನೋಡಿದಳು, ಬೋರಲು ಹಾಕಿದ ದೋಣಿಯ ಕೆಳಗೆ ತೂರಿಕೊಂಡಳು, ಹೊಗೆ ಕಂಡಳು. ಇದು ನನಗೆ ಹೇಗೆ ಗೊತ್ತೆಂದರೆ, ಅವ್ವ ದಿನಾ ನಸುಕಿನಲ್ಲಿ ಹಿಟ್ಟು ನಾದುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದಳು. ನಾನು ಗೋಡೆಯ ಈಚೆ ಕೌದಿಯೊಳಗೆ ಮಲಗಿ ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದೆ. ಕದ್ದು ಕೇಳಿದ್ದು ಲೆಕ್ಕಕ್ಕಿಲ್ಲ, ಎದುರಿಗೆ ಕೂರಿಸಿಕೊಂಡು ಹೇಳಿದ್ದಷ್ಟೇ ಸಾಕ್ಷಿ. ಆದರೂ ಹತ್ತು ವರ್ಷ ತುಂಬುವಷ್ಟರಲ್ಲಿ ಎರಡೂ ತಾಸಿನದು ನನಗೆ ಅಕ್ಷರ ಬಿಡದೆ ಬರುತ್ತಿತ್ತು.

ಯಾಕೆ ಕಲಿತೆ ಎಂದರೆ ಪ್ರೀತಿಯಿಂದಲ್ಲ. ನನ್ನ ಅವ್ವನನ್ನು ಕಿತ್ತುಕೊಂಡದ್ದು ಏನು ಎಂದು ನನಗೆ ತಿಳಿಯಬೇಕಿತ್ತು. ಒಮ್ಮೆ ಜ್ವರ ಬಂದು ನಾನು ಮುಚ್ಚುಹೊತ್ತಿಗೆ ಮನೆಯಲ್ಲೇ ಇರೆಂದು ಅತ್ತೆ. ಅವ್ವ ಅವತ್ತು ಉಳಿದಳು, ಆದರೆ ಸಂಜೆಯ ತನಕ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಇನ್ನೊಮ್ಮೆ ಅವಳ ಜೊತೆಗೇ ಹೋಗಿ ನೋಡಿದೆ. ಅವ್ವ ಮರೇನವ್ವನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು, ಒಂದೊಂದು ಸಿಕ್ಕನ್ನೂ ನೋವಾಗದಂತೆ ಬಿಡಿಸುತ್ತಿದ್ದಳು. ನನ್ನ ಜಡೆ ಹಾಕುವಾಗ ಗಡಿಬಿಡಿಯಲ್ಲಿ ಕೂದಲು ಎಳೆದು ಕಣ್ಣಲ್ಲಿ ನೀರು ತರಿಸುತ್ತಿದ್ದವಳು ಇವಳೇ. ಅಪ್ಪ ಅಮ್ಮ ತಂಗಿ ಊರು ಎಲ್ಲ ಕಳೆದುಕೊಂಡ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂಬುದು ನನಗೆ ಆಗಲೇ ಗೊತ್ತಿತ್ತು, ಮಕ್ಕಳಿಗೆ ಅಷ್ಟು ತಿಳಿಯುತ್ತದೆ. ತಿಳಿದರೂ ಅದು ಹೋಗಲಿಲ್ಲ. ನನ್ನ ಮನೆಯಲ್ಲೂ ಯಾರಾದರೂ ಸತ್ತಿದ್ದರೆ ಅವ್ವ ನನ್ನ ತಲೆಯನ್ನೂ ಹೀಗೆ ಬಾಚುತ್ತಿದ್ದಳು ಎಂದು ಕೂಡ ಅಂದುಕೊಂಡೆ. ಇಷ್ಟು ಕೆಟ್ಟ ಮಾತನ್ನು ನಾನು ಇವತ್ತಿನ ತನಕ ಯಾರ ಮುಂದೆಯೂ ಆಡಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷದ ತಿದ್ದುದಿನ ಸಾಕ್ಷಿಮನೆಯ ಪಡಸಾಲೆ ತುಂಬಿತ್ತು. ಅವ್ವ ನಿಂತು ಹೇಳುತ್ತಿದ್ದಳು, ಮರೇನವ್ವ ಎದುರಿಗೆ ಕುರ್ಚಿಯಲ್ಲಿ ಕೂತಿದ್ದಳು. ನಡುವಿನ ಭಾಗ ಬಂದಾಗ ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ "ಹಸಿರು ಬಾಗಿಲಿನ ಹಿಂದೆ" ಎಂದಳು. ಮರೇನವ್ವ ಕೈ ಎತ್ತಲಿಲ್ಲ. ನಾನು ಎದ್ದು ನಿಂತು, ಮರೇನವ್ವನ ಕಡೆ ಕೈ ಮಾಡಿ, "ಹೋದ ವರ್ಷ ನೀಲಿ ಇತ್ತು. ಆಕಿ ಸುಳ್ಳು ಹೇಳತಾಳ" ಎಂದೆ. ಅವ್ವ ತಾನಾಗಿ ತಪ್ಪುವವಳಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳುವವಳು. ಆ ವರ್ಷ ಮರೇನವ್ವ ಅವಳಿಗೆ ಹಸಿರು ಎಂದೇ ಹೇಳಿದ್ದಳು, ಪ್ರಶ್ನೆ ಕೇಳುವ ಹಾಗಿಲ್ಲದ್ದರಿಂದ ಅವ್ವ ಕೇಳಿರಲಿಲ್ಲ. ಮರೇನವ್ವ ಕುರ್ಚಿಯಿಂದಲೇ, "ನೀಲಿ. ನಾ ತಪ್ಪಿ ಹೇಳಿದೆ" ಎಂದಳು. ನನ್ನ ಕಡೆ ಒಂದು ಸಲ ನೋಡಿದಳು.

ಇಷ್ಟಕ್ಕೇ ಮುಗಿಯುತ್ತಿತ್ತು, ಆದರೆ ಹಿಂದಿನ ಸಾಲಿನಲ್ಲಿ ಇಲ್ಲವೆನ್ನುವವರು ಇದ್ದರು. ಅಂಥದ್ದೇನೂ ನಡೆದೇ ಇಲ್ಲ, ತಿಲೋರಾದ ಜನ ತಾವಾಗಿಯೇ ದ್ವೀಪ ಬಿಟ್ಟುಹೋದರು ಎಂದು ಸಾಧಿಸುವ ಕೂಟ ಅದು. ನಿಮ್ಮ ಕಾಲದಲ್ಲೂ ಅಂಥವರು ಇದ್ದರು, ನಮ್ಮವರು ಅವರ ಮೊಮ್ಮಕ್ಕಳಿರಬಹುದು. ಪ್ರತಿ ತಿದ್ದುದಿನ ಒಬ್ಬನನ್ನು ನೋಟುಪುಸ್ತಕ ಕೊಟ್ಟು ಕಳಿಸುತ್ತಾರೆ. ಆ ವಾರವೇ ಊರೂರಿಗೆ ಹಸಿರು ಬಾಗಿಲಿನ ಕರಪತ್ರ ಹೋಯಿತು. ಮಗುವೇ ಸುಳ್ಳನ್ನು ಹಿಡಿದಿದೆ ಎಂದು ಬರೆದಿದ್ದರು. ನಲವತ್ತೇಳು ವರ್ಷದಿಂದ ಅದನ್ನೇ ಬರೆಯುತ್ತಿದ್ದಾರೆ. ಅವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮರುದಿನ ಎಂದಿನಂತೆ ರೊಟ್ಟಿ ಮುಚ್ಚಿಟ್ಟು ಹೋದಳು, ಆಮೇಲೆ ನಸುಕಿನ ಬಾಯಿಪಾಠವನ್ನು ದನಿ ತೆಗೆಯದೆ ಮಾಡತೊಡಗಿದಳು. ಮರೇನವ್ವನ ಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿಯಲಿಲ್ಲ.

ಹೋದ ವರ್ಷ ಜ್ಯೇಷ್ಠದಲ್ಲಿ ಅವ್ವ ತೀರಿಕೊಂಡಳು, ಎಂಬತ್ತಮೂರು ವಯಸ್ಸು. ಸಾಕ್ಷಿ ಹೇಳಿದವರು ಬದುಕಿರುವಾಗಲೇ ಕಿವಿ ಸತ್ತರೆ ಅವರೇ ಬೇರೆಯವರನ್ನು ಆರಿಸಿಕೊಳ್ಳಬಹುದು. ನಾಲ್ಕು ಮಂದಿ ಮುಂದೆ ಬಂದರು, ಎಲ್ಲರೂ ಒಳ್ಳೆಯ ಮನಸ್ಸಿನವರು, ಮರೇನವ್ವನ ಹೆಸರೆತ್ತಿದರೆ ಕಣ್ಣು ತುಂಬಿಕೊಳ್ಳುವವರು. ಎಂಟು ತಿಂಗಳು ಅವಳು ಯಾರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನನಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಆ ನಾಲ್ವರ ಮುಖ ಕಂಡರೆ ಹಲ್ಲು ಕಡಿಯುತ್ತಿದ್ದೆ. ಅವ್ವನ ಬದುಕಿನ ನಲವತ್ತೊಂಬತ್ತು ವರ್ಷದ ಮಧ್ಯಾಹ್ನಗಳು ಆ ಮನೆಯಲ್ಲಿದ್ದವು, ಅವು ಬೇರೆ ಯಾರದೋ ಪಾಲಾಗುವುದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ. ಆದರೆ ಕೇಳುವ ಮುಖ ನನಗೆಲ್ಲಿತ್ತು? ಮಾಘದಲ್ಲಿ ಒಂದು ದಿನ ಅವಳ ಓಣಿಯ ನೆರಳುಬಟ್ಟೆ ಹರಿದಿದೆಯೆಂದು ಕರೆ ಬಂತು. ಹೊಲಿಯುತ್ತಿರುವಾಗಲೇ ಹತ್ತೂವರೆಯ ಗಂಟೆ ಹೊಡೆಯಿತು. ಎಷ್ಟು ಹೊತ್ತಿಗೆ ಹೊಡೆಯುತ್ತದೆಂದು ನನಗೆ ಗೊತ್ತಿರಲಿಲ್ಲವೆ? ಬೇಕೆಂದೇ ತಡಮಾಡಿದ್ದೆ. ಎದುರಿನ ಬಾಗಿಲು ಅವಳದು.

ಅವಳು ಬಾಗಿಲು ತೆಗೆದು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಗಂಟಿ ಹೊಡದ ಮ್ಯಾಲ ಬಂದೀಯಲ್ಲ, ಇನ್ನ ಐದರ ತನಕ ನಿನ್ನ ಓಡಸಾಕ ಬರೂದಿಲ್ಲ. ಕುಂದ್ರು" ಎಂದಳು. ನಾನು ಕೂತೆ. ನೀರು ಕೊಟ್ಟಳು. ಆ ನಾಲ್ವರಲ್ಲಿ ಯಾರನ್ನು ಆರಿಸಿಕೊಳ್ಳುತ್ತೀ ಎಂದು ನಾನೇ ಬಾಯಿ ತೆಗೆದು ಕೇಳಿದೆ, ಕೇಳುವಾಗ ನನ್ನ ದನಿ ನನಗೇ ಹಿಡಿಸಲಿಲ್ಲ.

"ಅವರು ಅಳತಾರ" ಎಂದಳು. "ನಾ ಬಾಯಿ ತಗಿಯೂದರಾಗ ಅಳಾಕ ಹತ್ತತಾರ. ಅಳೂ ಮಂದಿಗಿ ಕಿವಿ ಕೇಳೂದಿಲ್ಲ. ನಿಮ್ಮವ್ವನೂ ಅಳತಿದ್ಲು. ಆಕಿ ಭಾಳ ಚೊಲೋ ಹೆಣಮಗಳು, ಆಕಿ ಕೈಯಾಗ ತಲಿ ಕೊಟ್ಟು ಕುಂತ್ರ ನನಗ ಸತ್ತವರು ಬಂದಂಗ ಆಗತಿತ್ತು. ಆದ್ರ ಆಕಿ ಮುಂದ ಒಂದ ಮಾತು ಹೇಳಾಕ ಆಗಲಿಲ್ಲ. ಹೇಳಿದ್ರ ಮಾಫ ಮಾಡತಿದ್ಲು. ನನಗ ಮಾಫಿ ಬ್ಯಾಡಾಗಿತ್ತು."

ಅವಳು ನನ್ನ ಕಡೆ ಬಾಗಿ, "ನಿನಗ ನನ್ನ ಮ್ಯಾಲ ಹೊಟ್ಟಿಕಿಚ್ಚು ಐತಿ. ಸಣ್ಣಾಕಿ ಇದ್ದಾಗಿಂದ ಐತಿ. ಹೌದಲ್ಲ?" ಎಂದಳು.

ಹೌದು ಎಂದೆ. ಐವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಒಬ್ಬರ ಮುಂದೆ ಒಪ್ಪಿಕೊಂಡದ್ದು.

"ಅವತ್ತು ಅಷ್ಟ ಮಂದಿ ಕುಂತಿದ್ರು, ಎಲ್ಲಾರೂ ಕಣ್ಣ ಒರಸ್ಕೊಂತ ಕುಂತಿದ್ರು. ಬಾಗಲ ಬಣ್ಣ ಕೇಳಿಸ್ಕೊಂಡಾಕಿ ನೀ ಒಬ್ಬಾಕಿನ. ಅದು ನನ್ನ ಬಾಯಿ ತಪ್ಪಿದ್ದಲ್ಲ. ಆ ವರ್ಷ ಹೇಳಬೇಕಂತ ಮಾಡಿದ್ದೆ. ಅರ್ಧಾ ಹೇಳಿ ಅಂಜಿದೆ. ಬಾ, ಈಗ ಮುಂದ ಬಂದು ಕುಂದ್ರು."

ಹನ್ನೆರಡು ಮುಚ್ಚುಹೊತ್ತು ಅವಳು ಹೇಳಿದಳು. ನಡುವಿನ ಭಾಗ ಬಂದದ್ದು ಏಳನೆಯ ದಿನ. ಅವತ್ತು ಬೆಳಿಗ್ಗೆ ತಾಯಿ ಮನೆಯಲ್ಲಿರಲಿಲ್ಲ, ಅಕ್ಕಿ ತರಲು ಬಂದರಿಗೆ ಹೋದವಳು ತಿರುಗಿ ಬರಲೇ ಇಲ್ಲ. ನಿಲೋ ಇದ್ದದ್ದು ಮರೇನವ್ವನ ಸೊಂಟದ ಮೇಲೆ. ಗಾಡಿಗಳು ಬರುವ ಸದ್ದಾಯಿತು. ಪಕ್ಕದ ಮನೆ ಹಸಿರು ಬಾಗಿಲಿನದು, ಅವರಿಗೆ ಮೊದಲೇ ಸುಳಿವು ಸಿಕ್ಕಿ ಎರಡು ದಿನದ ಕೆಳಗೆ ಹೋಗಿಬಿಟ್ಟಿದ್ದರು. ಮರೇನವ್ವ ತಂಗಿಯನ್ನು ಅದರೊಳಗೆ ಇಳಿಸಿದಳು, ಹೊರಗೆ ಬಂದು ಅಗಳಿ ಹಾಕಿದಳು, ದಂಡೆಗೆ ಓಡಿ ದೋಣಿಯ ಕೆಳಗೆ ತೂರಿಕೊಂಡಳು. ಸೈನಿಕರು ಮೊದಲು ನೀಲಿ ಬಾಗಿಲಿನ ಮನೆಗಳಿಗೆ ಬೆಂಕಿ ಹಚ್ಚಿದರು. ಆಮೇಲೆ ಯಾವ ಬಣ್ಣವನ್ನೂ ನೋಡಲಿಲ್ಲ.

"ಹಸರ ಬಾಗಲಿಗಿ ಏನೂ ಮಾಡೂದಿಲ್ಲ, ಅದಕ ಆಕಿನ್ನ ಅಲ್ಲಿಟ್ಟೆ ಅಂತ ಹೇಳಬೌದು" ಎಂದಳು ಮರೇನವ್ವ. "ಹಂಗ ಹೇಳಬ್ಯಾಡ. ಆಕಿ ಅಳತಿದ್ಲು. ಹೊತ್ಕೊಂಡು ಓಡಿದ್ರ ಆಕಿ ದನಿಗಿ ನಾನೂ ಸಿಗತಿದ್ದೆ. ಅದಕ ಇಟ್ಟೆ."

ನನಗೆ ಅಳು ಬರಲಿಲ್ಲ. ಎದೆಯೊಳಗೆ ಕಲ್ಲು ಇಟ್ಟ ಹಾಗಾಯಿತು, ಅಷ್ಟೇ. ಅದರ ಜೊತೆಗೇ ಇನ್ನೊಂದಿತ್ತು, ಅದನ್ನೂ ಹೇಳುತ್ತೇನೆ: ಅವ್ವನಿಗೆ ಸಿಗದ ಮಾತು ನನಗೆ ಸಿಕ್ಕಿತು ಎಂಬ ಖುಷಿ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಂಗಿಯ ಮೇಲೆ ಅಗಳಿ ಹಾಕಿದ ಕಥೆ ಕೇಳುತ್ತ ನಾನು ಒಳಗೊಳಗೇ ಅವ್ವನಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿ ಕೂತಿದ್ದೆ. ಮರೇನವ್ವನಿಗೆ ಅದೂ ಕಂಡಿರಬೇಕು. ಊರ ಮುಂದೆ, ತಾನು ಬದುಕಿರುವಾಗಲೇ, ತನ್ನೆದುರಿಗೇ ಇದನ್ನು ಹೇಳಬೇಕೆಂದು ನನ್ನಿಂದ ಮಾತು ತೆಗೆದುಕೊಂಡಳು.

ಸಾಕ್ಷಿಮನೆಯ ಹಿರಿಯರು ಈರಪ್ಪ ಹಡಗಲಿಯವರು. ಹೊಸ ಕಿವಿ ತಿದ್ದುದಿನಕ್ಕೆ ಮೊದಲು ಅವರ ಮುಂದೆ ಒಮ್ಮೆ ಹೇಳಿ ತೋರಿಸಬೇಕು. ಕೇಳಿ ಮುಗಿಸಿದ ಮೇಲೆ ಗಡ್ಡ ಕೆರೆದುಕೊಂಡರು. "ಹಂಪವ್ವಾ, ಇದೊಂದ ಬಿಟ್ಟಬಿಡವಾ. ನಿಮ್ಮವ್ವ ಹೇಳಿದ್ದನ್ನ ಹೇಳು. ನೋಟುಪುಸ್ತಕದವ ನಾಳಿಗಿ ಏನ ಬರೀತಾನ ಗೊತ್ತೈತಿಲ್ಲ? ಕೊಂದವರು ಸೈನಿಕರಲ್ಲ, ಅಕ್ಕನ ಅಂತ ಬರೀತಾನ. ನಲವತ್ತು ಸಾವಿರ ಮಂದಿ ಸತ್ತದ್ದು ಒಂದ ಅಗಳ್ಯಾಗ ಮುಚ್ಚಿ ಹೊಕ್ಕೈತಿ" ಎಂದರು. ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ಒಮ್ಮೆ ನನ್ನ ಬಾಯಿಂದ ಹೊರಟದ್ದು ನಲವತ್ತೇಳು ವರ್ಷ ಆ ಹೆಂಗಸಿನ ಬೆನ್ನು ಹತ್ತಿತ್ತು, ಈಗ ಎರಡನೆಯ ಸಲ ನಾನೇ ಬಾಯಿ ತೆಗೆಯಬೇಕು. ಬರೆಯುವುದಾದರೆ ಬರೆಯಲಿ, ಅವಳು ಹೇಳೆಂದಿದ್ದಾಳೆ, ಹೇಳುತ್ತೇನೆ ಎಂದೆ. ಹಡಗಲಿಯವರು ತಲೆಯಾಡಿಸಿ ಎದ್ದರು.

ಪಾಡ್ಯದ ದಿನ ಪಡಸಾಲೆ ಅರ್ಧ ಖಾಲಿ ಇತ್ತು. ಎಂಬತ್ತು ವರ್ಷದ ಹಿಂದಿನದನ್ನು ಪ್ರತಿ ವರ್ಷ ಕೇಳಲು ಈಗ ಯಾರಿಗೆ ಪುರುಸೊತ್ತು? ನೋಟುಪುಸ್ತಕದವನು ಮಾತ್ರ ಬಂದಿದ್ದ, ಮುಂದಿನ ಸಾಲಿನಲ್ಲೇ ಕೂತಿದ್ದ. ಮರೇನವ್ವನನ್ನು ಇಬ್ಬರು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ನಾನು ಶುರುಮಾಡಿದೆ. ಒಂದು ತಾಸು ಎಲ್ಲಿಯೂ ತಪ್ಪಲಿಲ್ಲ. ತಾಯಿ ಅಕ್ಕಿಗೆ ಹೋದಳು ಎಂದೆ, ಗಾಡಿಗಳ ಸದ್ದಾಯಿತು ಎಂದೆ, ಹಸಿರು ಬಾಗಿಲು ಎಂದೆ. ನೋಟುಪುಸ್ತಕದವನ ಪೆನ್ನು ಓಡತೊಡಗಿತು. ನಾನು ಮರೇನವ್ವನ ಮುಖ ನೋಡಿದೆ. ತೊಂಬತ್ತೆರಡರ ಮುಖ, ತಲೆ ಬಾಚುವವರಿಲ್ಲದೆ ಕೂದಲು ಹಣೆಯ ಮೇಲೆ ಬಿದ್ದಿತ್ತು. ನನ್ನ ನಾಲಿಗೆ ತಾನಾಗಿ ಹೊರಳಿತು. "ತಂಗಿಯನ್ನು ಒಳಗೆ ಇಳಿಸಿ ಅಗಳಿ ಹಾಕಿದಳು. ನಿಲೋ ಮಲಗಿದ್ದಳು" ಎಂದೆ.

ಗೋಡೆಯಾಚೆಯಿಂದ ಕದ್ದು ಕಲಿತ ಹಳೆಯ ಪಾಠದ ಮಾತು ಅದು, ಅವ್ವನ ಮಾತು. ಬಾಯಿತಪ್ಪಿ ಬಂತೋ, ಆ ಮುಖ ನೋಡಲಾಗದೆ ನಾನೇ ಬೇಕೆಂದು ಹಾಕಿದೆನೋ, ಈ ನಾಲ್ಕು ದಿನ ಯೋಚಿಸಿದರೂ ನನಗೆ ತಿಳಿದಿಲ್ಲ.

ಮರೇನವ್ವ ಕೈ ಎತ್ತಿದಳು.

"ಮಲಗಿದ್ದಿಲ್ಲ" ಎಂದಳು. "ಎಚ್ಚರ ಇದ್ಲು. ಅಗಳಿ ಹಾಕಿದ ಮ್ಯಾಲೂ ನನ್ನ ಹೆಸರ ಹಿಡದು ಕರೀತಿದ್ಲು. ದೋಣಿ ತನಕ ಕೇಳಸತಿತ್ತು. ಹೇಳು."

ನಾನು ಹೇಳಿದೆ. ನಿಲೋ ಮಲಗಿರಲಿಲ್ಲ. ಎಚ್ಚರವಿದ್ದಳು. ಅಗಳಿ ಹಾಕಿದ ಮೇಲೂ ಅಕ್ಕನ ಹೆಸರು ಹಿಡಿದು ಕರೆಯುತ್ತಿದ್ದಳು. ದೋಣಿಯ ತನಕ ಕೇಳಿಸುತ್ತಿತ್ತು. ಮರೇನವ್ವ ಕೈ ಇಳಿಸಿದಳು, ಮುಂದೆ ಹೋಗು ಎಂಬಂತೆ ತಲೆ ಆಡಿಸಿದಳು. ಉಳಿದ ಒಂದು ತಾಸಿನದನ್ನು ನಾನು ಎಲ್ಲಿಯೂ ತಪ್ಪದೆ ಮುಗಿಸಿದೆ. ಹಡಗಲಿಯವರು ಹೇಳಿದಂತೆಯೇ ಕರಪತ್ರ ಬಂತು, ಮೊನ್ನೆ ನಮ್ಮ ಮನೆಯ ಬಾಗಿಲಿಗೂ ಒಂದು ಅಂಟಿಸಿ ಹೋಗಿದ್ದಾರೆ. ಮರೇನವ್ವನಿಗೆ ಓದಿ ಹೇಳಿದೆ. "ಬಾಗಲ ಬಣ್ಣಾ ಬರೊಬ್ಬರಿ ಬರದಾನಲ್ಲ" ಎಂದು ಮಗ್ಗುಲಾಗಿ ಮಲಗಿದಳು.

ಅವ್ವನೆದುರಿಗೆ ಅವಳು ನಲವತ್ತೊಂಬತ್ತು ವರ್ಷ ಕೂತರೂ ನಿಲೋ ಮಲಗಿದ್ದಳು ಎನ್ನುವ ಜಾಗದಲ್ಲಿ ಎಂದೂ ಕೈ ಎತ್ತಿರಲಿಲ್ಲ. ಎತ್ತಿದ್ದು ನನಗೆ. ಅವ್ವನ ಮೇಲೆ, ಮರೇನವ್ವನ ಮೇಲೆ ಇದ್ದ ನನ್ನ ಹೊಟ್ಟೆಕಿಚ್ಚು ಅವತ್ತಿಗೆ ತಣ್ಣಗಾಯಿತು. ನಿಮ್ಮ ಮೇಲಿನದು ಆಗಿಲ್ಲ, ಈ ನಾಲ್ಕು ದಿನದಲ್ಲಿ ಇನ್ನೂ ಹೆಚ್ಚಾಗಿದೆ. ಅವಳಿಗೆ ಉಸಿರು ಹಿಡಿಯುತ್ತದೆ, ಮುಂದಿನ ಫಾಲ್ಗುಣ ನೋಡುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಿಮ್ಮ ಓಣಿಯಲ್ಲಿ, ನಿಮ್ಮ ಊರಿನಲ್ಲಿ, ನೀವು ದಿನಾ ದಾಟಿಹೋಗುವ ಮನೆಯೊಂದರಲ್ಲಿ ಅಂಥವರು ಇದ್ದೇ ಇದ್ದಾರೆ. ಹೋಗಿ. ಸಮಾಧಾನ ಹೇಳಲು ಹೋಗಬೇಡಿ, ಅಳಲು ಹೋಗಬೇಡಿ. ಕೂತು ಕೇಳಿ, ಕೇಳಿದ್ದನ್ನು ಅವರ ಎದುರಿಗೇ ತಿರುಗಿ ಹೇಳಿ, ಎಲ್ಲಿ ತಪ್ಪಿದೆ ಎಂದು ಕೇಳಿ. ನಾನು ಮುಂದಿನ ವರ್ಷ ಆ ಪಡಸಾಲೆಯಲ್ಲಿ ಖಾಲಿ ಕುರ್ಚಿಯ ಮುಂದೆ ನಿಂತಿರುತ್ತೇನೆ. ಅವತ್ತು ನಾನು ನಿಲೋ ಮಲಗಿದ್ದಳು ಎಂದರೆ, ಅಲ್ಲ ಎಂದು ಕೈ ಎತ್ತುವವರು ಈ ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ.

ಇಂತು,
ಮರೇನವ್ವನ ಕಿವಿ,
ಹಂಪವ್ವ